ಎಲ್ಲರದೂ ಆದ ಪೆನ್ಸಿಲ್

ಆ ವರ್ಷ ಉದಯಗಿರಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ ನನ್ನ ಪಾಲಿಗೆ ಬಂತು. ಮೂವತ್ತನಾಲ್ಕು ಮಕ್ಕಳು. ಹಾಜರಿ ಮುಗಿಸಿ ಬೋರ್ಡಿನತ್ತ ತಿರುಗುವಷ್ಟರಲ್ಲಿ ಶುರುವಾಗುತ್ತಿತ್ತು.

"ಮಿಸ್, ಪೆನ್ಸಿಲ್ ಇಲ್ಲ."

"ಮಿಸ್, ಇವ್ನು ನನ್ ರಬ್ಬರ್ ಕೊಡ್ತಿಲ್ಲ."

"ಮಿಸ್, ಮುರುದೋಯ್ತು, ಮೆಂಡರ್ ಇಲ್ಲ."

ಮೊದಲ ಪೀರಿಯಡ್ಡಿನ ಅರ್ಧ ಇದರಲ್ಲೇ ಹೋಗುತ್ತಿತ್ತು. ಅರ್ಧ ತರಗತಿಗೆ ಒತ್ತಕ್ಷರವೇ ಬರುತ್ತಿರಲಿಲ್ಲ. ವರ್ಷದ ಕೊನೆಯ ಹೊತ್ತಿಗೆ ಇವರು ತಾವಾಗಿ ನಾಲ್ಕು ಸಾಲು ಬರೆಯದಿದ್ದರೆ ಉತ್ತರ ಹೇಳಬೇಕಾದವಳು ನಾನು. ಸಂಜೆ ಸ್ಕೂಟರಿನಲ್ಲಿ ಕುವೆಂಪುನಗರಕ್ಕೆ ವಾಪಸಾಗುವಾಗ ಸಿಗ್ನಲಿನಲ್ಲಿ ನಿಂತು ಅತ್ತದ್ದೂ ಇದೆ. ಹೆಲ್ಮೆಟ್ಟಿನೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ.

ಒಂದು ಶನಿವಾರ ಮನೆಯಿಂದ ಐಸ್‌ಕ್ರೀಮಿನ ಖಾಲಿ ಡಬ್ಬಗಳನ್ನು ತೊಳೆದು ತಂದೆ. ಮಕ್ಕಳ ಬಳಿ ಇದ್ದಬದ್ದ ಪೆನ್ಸಿಲ್ಲು, ರಬ್ಬರು, ಸ್ಕೇಲು ಎಲ್ಲವನ್ನೂ ಮೇಜಿನ ಮೇಲೆ ಹಾಕಿಸಿದೆ. ಐದಾರು ಮಕ್ಕಳಿಗೆ ಒಂದು ಗುಂಪು, ಗುಂಪಿಗೆ ಒಂದು ಡಬ್ಬ. "ಇನ್ಮೇಲೆ ನಂದು ನಿಂದು ಅನ್ನೋದಿಲ್ಲ. ಎಲ್ಲಾ ಎಲ್ರುದೂ. ಸಾಯಂಕಾಲ ಡಬ್ಬ ಬೀರುಗೆ ಹೋಗುತ್ತೆ, ಮನೆಗೆ ಒಂದೂ ಹೋಗಬಾರ್ದು" ಎಂದೆ.

ಕಿಟಕಿ ಪಕ್ಕ ಕೂರುವ ಹುಡುಗಿಯೊಬ್ಬಳು ಮಾತ್ರ ತನ್ನ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಬೆರಳಿಡುವ ಜಾಗದಲ್ಲಿ ಕೆಂಪು ದಾರ ಸುತ್ತಿತ್ತು.

"ಕೈ ಜಾರ್ತದೆ ಅಂತ ಅವ್ವ ಸುತ್ತಿಕೊಟ್ಟವ್ಳೆ, ಮಿಸ್."

"ಚೆನ್ನಾಗಿದೆ ಪುಟ್ಟಿ. ಎಲ್ರಿಗೂ ಆಗುತ್ತೆ, ಹಾಕು."

ಹಾಕಿದಳು.

ಎರಡು ವಾರ ತರಗತಿ ನನಗೇ ಗುರುತು ಸಿಗದಷ್ಟು ಶಾಂತವಾಗಿತ್ತು. ಆಮೇಲೆ ಪೆನ್ಸಿಲ್ಲುಗಳು ಕಾಣೆಯಾಗತೊಡಗಿದವು. ದಿನಾ ಸಂಜೆ ಒಂದು, ಎರಡು. ಕೈಯಿಂದ ದುಡ್ಡು ಹಾಕಿ ಹೊಸ ಪೊಟ್ಟಣ ತಂದೆ, ಅವೂ ಹೋದವು. ಗದರಿದೆ, ಬೇಡಿಕೊಂಡೆ. ಫಲವಾಗಲಿಲ್ಲ. ಒಂದು ಬೆಳಿಗ್ಗೆ ಮೂರು ಮಕ್ಕಳು ಒಂದೇ ಮೋಟು ಪೆನ್ಸಿಲಿಗೆ ಸರದಿ ಕಾಯುತ್ತಿದ್ದುದನ್ನು ಕಂಡಾಗ ನನ್ನ ತಾಳ್ಮೆ ತಪ್ಪಿತು.

"ಬ್ಯಾಗ್ ಸುರೀರಿ ಎಲ್ರೂ!"

ಹುಡುಕುತ್ತಾ ಬಂದವಳು ಕಿಟಕಿ ಪಕ್ಕ ನಿಂತೆ. ಆ ಹುಡುಗಿಯ ಪುಸ್ತಕದ ನಡುವೆ ದಾರ ಸುತ್ತಿದ ಪೆನ್ಸಿಲ್ ಇತ್ತು.

"ಅದು ನಂದೇ, ಮಿಸ್."

"ನಂದು ನಿಂದು ಇಲ್ಲ ಅಂತ ಹೇಳಿರ್ಲಿಲ್ವಾ? ಕೇಳ್ದೆ ತಗೊಂಡ್ರೆ ಏನಂತಾರೆ ಅದಕ್ಕೆ?"

ಹಿಂದಿನ ಬೆಂಚಿನಿಂದ ಯಾರೋ "ಕಳ್ತನ" ಎಂದರು. ನಾನು ಅದನ್ನು ತಿದ್ದಲಿಲ್ಲ. ಮಿಕ್ಕ ಬ್ಯಾಗುಗಳನ್ನು ನೋಡಲೂ ಇಲ್ಲ. ಕಳ್ಳಿ ಸಿಕ್ಕಳೆಂಬ ಸಮಾಧಾನ ನನಗಾಗಿತ್ತು, ಸುಳ್ಳೇಕೆ ಹೇಳಲಿ. ಪೆನ್ಸಿಲ್ ಕಿತ್ತುಕೊಂಡು, ಮಧ್ಯಾಹ್ನದ ಊಟದವರೆಗೂ ಅವಳನ್ನು ಬೀರುವಿನ ಪಕ್ಕ ನಿಲ್ಲಿಸಿದೆ. ಅವಳು ಅಳಲಿಲ್ಲ. ಊಟದ ಗಂಟೆ ಹೊಡೆದಾಗ ತಟ್ಟೆ ತೆಗೆದುಕೊಳ್ಳದೆ ಗೇಟು ದಾಟಿ ಮನೆಗೆ ಹೋದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಪೆನ್ಸಿಲ್ಲುಗಳು ಮಾತ್ರ ಹೋಗುತ್ತಲೇ ಇದ್ದವು.

ನಾಲ್ಕನೇ ದಿನ ಪಾಠ ನಿಲ್ಲಿಸಿ ಕುರ್ಚಿಯಲ್ಲಿ ಕುಸಿದೆ. "ಬಯ್ಯಲ್ಲ, ಹೊಡಿಯಲ್ಲ. ಯಾಕೆ ತಗೊಂಡೋಗ್ತೀರಾ, ಅಷ್ಟು ಹೇಳಿ" ಎಂದೆ. ಮುಂದಿನ ಬೆಂಚಿನ ಪುಟ್ಟ ಹುಡುಗಿ ಎದ್ದು ನಿಂತಳು.

"ಹೋಮ್‌ವರ್ಕಿಗೆ, ಮಿಸ್. ನಮ್ ಪೆನ್ಸಿಲ್ ಎಲ್ಲಾ ನೀವೇ ಇಸ್ಕಂಡ್ರಿ. ಮನೇಲಿ ಬರಿಯಕ್ಕೆ ಏನೂ ಇಲ್ಲ. ಬರ್ಕೊಂಡ್ ಬರ್ದಿದ್ರೆ ನಿಲ್ಲಿಸ್ತೀರ."

ಒಬ್ಬೊಬ್ಬರಾಗಿ ಹದಿನೇಳು ಮಕ್ಕಳು ಎದ್ದು ನಿಂತರು. ತರಗತಿ ಶಾಂತವಾದ ಮೇಲೆ ಮೂವತ್ತನಾಲ್ಕು ಮಕ್ಕಳಿಗೆ ದಿನಾ ಎರಡು ಪುಟ ಕಾಪಿ ಬರೆಯಲು ಕೊಡತೊಡಗಿದವಳು ನಾನು. ಬರೆಯುವುದು ಯಾತರಲ್ಲಿ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಅಂದೇ ಸಂಜೆ ಕಿಟಕಿ ಪಕ್ಕದ ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ಗ್ಯಾರೇಜಿನ ಹಿಂದೆ ಒಂದೇ ಕೋಣೆ. ಅವಳ ತಾಯಿ ಮನೆಗೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಒಳಗೆ ಕರೆಯಲಿಲ್ಲ. ನಾನು ಹೊಸ ಪೆನ್ಸಿಲಿನ ಪೊಟ್ಟಣವನ್ನೂ ದಾರದ ಪೆನ್ಸಿಲನ್ನೂ ಮುಂದೆ ಹಿಡಿದೆ. ದಾರದ್ದನ್ನು ಮಾತ್ರ ತೆಗೆದುಕೊಂಡಳು.

"ಅವ್ಳ್ ಪೆನ್ಸಿಲ್ ಅವ್ಳು ಎತ್ಕಂಡ್ರೆ ಅದೆಂಗೆ ಕಳ್ತನ ಆಯ್ತದೆ ಮೇಡಮ್ಮೋರೆ?"

"ತಪ್ಪಾಯ್ತು ಕಣಮ್ಮ. ನಾಳೆ ಕಳಿಸಿ, ಎಲ್ರ ಮುಂದೆ ನಾನೇ ಹೇಳ್ತೀನಿ."

"ನಾನು ಹತ್ತು ಮನೆ ಒಳಗೆ ಓಡಾಡೋಳು. ಒಂದು ಚಮಚ ಕಾಣ್ದೋದ್ರೂ ಮೊದ್ಲು ನನ್ ಮುಖ ನೋಡ್ತಾರೆ. ಅದ್ಕೇ ಮಗಿಗೆ ದಿನಾ ಹೇಳೋದು, ಯಾರ್ದೂ ಮುಟ್ಬೇಡ, ನಿಂದೇನಿದ್ಯೋ ಅಷ್ಟೇ ಅಂತ. ಈಗ ಅವ್ಳು ಬರಲ್ಲ ಅಂತ ಕುಂತವ್ಳೆ. ನಾನೇನ್ ಮಾಡ್ಲಿ?"

ಹುಡುಗಿ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹೊಸ್ತಿಲಾಚೆಯಿಂದಲೇ ಮಾತಾಡಿಸಿದೆ. ತಿರುಗಲಿಲ್ಲ.

ಮತ್ತೆ ಎರಡು ಸಲ ಹೋದೆ. ಎರಡೂ ಸಲ ಬೀಗ. ತರಗತಿಯಲ್ಲಿ ಮಕ್ಕಳ ಮುಂದೆ ನಿಂತು, ಅವಳು ಕದ್ದಿಲ್ಲ, ತಪ್ಪು ನನ್ನದು ಎಂದು ಹೇಳಿದೆ. ಕೇಳಬೇಕಾದವಳು ಮಾತ್ರ ಅಲ್ಲಿರಲಿಲ್ಲ. ಹಾಜರಿ ಕೂಗುವಾಗ ಅವಳ ಹೆಸರು ಬಂದರೆ ಕೂಗದೆ ಮುಂದಿನ ಹೆಸರಿಗೆ ಹೋಗುತ್ತಿದ್ದೆ.

ತಿಂಗಳು ಕಳೆದ ಮೇಲೆ ತಾಯಿ ಟೀಸಿ ಕೇಳಿಕೊಂಡು ಬಂದಳು. ಗಂಡನಿಗೆ ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಮನೆ ಅಲ್ಲಿಗೇ ಬದಲಾಗಿತ್ತು. ಹೆಡ್ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ಹುಡುಗಿ ಅವ್ವನ ಸೆರಗು ಹಿಡಿದು ನಿಂತಿದ್ದಳು. ನಾನು ಅವಳ ಮುಂದೆ ಮಂಡಿಯೂರಿ ಕೂತೆ.

"ನೀನು ಕಳ್ಳಿ ಅಲ್ಲ ಪುಟ್ಟಿ. ಮಿಸ್‌ದೇ ತಪ್ಪು. ಎಲ್ರಿಗೂ ಹೇಳಿದೀನಿ."

ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ತಾಯಿಯತ್ತ ತಿರುಗಿ, "ಓಗಣ ಅವ್ವ, ಬಸ್ ಬಂದ್ಬುಡ್ತದೆ" ಎಂದಳು.

ತಾಯಿ ಟೀಸಿ ಮಡಚಿ ಬ್ಯಾಗಿಗೆ ಹಾಕಿಕೊಂಡು ನನಗೆ ಕೈ ಮುಗಿದಳು. ನಾನೂ ಮುಗಿದೆ. ಹುಡುಗಿ ಅಷ್ಟರಲ್ಲಾಗಲೇ ಗೇಟಿನ ಹತ್ತಿರವಿದ್ದಳು.