ಅಳಿಸಿದರೂ ಬಿಡದ ಜಾಗ

ಕಿಟಕಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಒಳಗೆ ಬಂದಾಗ ನಾನು ಎಂದಿನಂತೆ ಕೆಡುಕುಗಳನ್ನು ಎಣಿಸುತ್ತಿದ್ದೆ. ಯುಪಿಎಸ್ ಸುಟ್ಟಿರಬಹುದು. ಇಲಿ ಕೇಬಲ್ ಕಡಿದಿರಬಹುದು. ಕಳ್ಳರು ನಮ್ಮ ಸರ್ವರ್‌ ಕಂಪ್ಯೂಟರಿಗೇ ನುಗ್ಗಿರಬಹುದು. ಶಿಡ್ಲಘಟ್ಟದ ರೇಷ್ಮೆಗೂಡಿನ ದರ ಕದ್ದು ಅವರೇನು ಮಾಡುತ್ತಾರೆ ಎಂದು ಕೇಳಬೇಡಿ, ನನ್ನ ಚಿಂತೆಗೆ ಕಾರಣ ಬೇಕಿಲ್ಲ. ಫೋನ್ ಮಾತ್ರ ನಿಜವಾಗಿಯೂ ಬಡಿದುಕೊಳ್ಳುತ್ತಿತ್ತು.

"ರೇಟಿನ ಮೆಸೇಜ್ ಬರ್ಲಿಲ್ವಲ್ಲ ಸಾರ್. ಗೂಡು ಗಾಡಿಗ್ ಹಾಕ್ಲಾ, ಬ್ಯಾಡ್ವಾ?" ಎಂದರು ಸಾದಲಿಯ ರೈತರೊಬ್ಬರು. ದರ ತಿಳಿಯದೆ ಹೊರಟರೆ ಮೊದಲು ಸಿಕ್ಕವನು ಹೇಳಿದ ಬೆಲೆಗೇ ಕೊಟ್ಟು ಬರಬೇಕು.

ಆ ವಾಸನೆಯಲ್ಲೇ ಆಪಾ ನೆನಪಾದರು. ಆಪಾ ಅಂದರೆ ಅಕ್ಕ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಗೂಡಿನ ಮಾರುಕಟ್ಟೆ ಕಚೇರಿಯ ಈ ಯಂತ್ರವನ್ನು ನನಗಿಂತ ಮೊದಲು ನೋಡಿಕೊಂಡವರು. ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ ಬೆಳೆದವರು. ನಾವೆಲ್ಲ ಮೂಗು ಮುಚ್ಚಿಕೊಂಡರೆ ಅವರು ಕಿಟಕಿ ತೆಗೆದಿಟ್ಟು ಊಟ ಮಾಡುತ್ತಿದ್ದರು. ರೈತರ ಫೋನಿಗೆ ದರ ಕಳಿಸುವ ಪುಟ್ಟ ಪ್ರೋಗ್ರಾಂ ಬರೆದದ್ದೂ ಅವರೇ. ಯಂತ್ರ ಮುನಿಸಿಕೊಂಡರೆ ನಾನು ಕೈಗೆ ಸಿಕ್ಕ ಗುಂಡಿ ಒತ್ತುವವನು. ಅವರು ತಡೆದು, "ಮೊದ್ಲು ಜಾಗ ನೋಡಪ್ಪ, ಆಮೇಲೆ ಅಳು" ಅನ್ನುತ್ತಿದ್ದರು...

ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ನೋಡಲು ಕಪ್ಪು ಪರದೆಯಲ್ಲಿ df ಎಂದು ಟೈಪ್ ಮಾಡಿದೆ. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಜಾಗ ತಿಂದದ್ದು ಯಾವುದೆಂದು du ಹಾಕಿ ಹುಡುಕಿದರೆ, ಅದೇ ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆಯುತ್ತಿದ್ದ ಲಾಗ್ ಫೈಲ್ ಉಬ್ಬಿ ಕೂತಿತ್ತು. ಅಳಿಸಿದೆ. ಮತ್ತೆ df: ಇನ್ನೂ ನೂರು. ನನ್ನ ಎದೆಬಡಿತ ಅದನ್ನೂ ದಾಟಿತ್ತು.

ಹಿಂದೊಮ್ಮೆ ಹೀಗೇ ಆದಾಗ ಆಪಾ ನಕ್ಕಿದ್ದರು. "ಅಳಿಸಿದ್ರೆ ಆಗೋಯ್ತಾ? ಬರೀತಿರೋ ಪ್ರೋಗ್ರಾಂ ಫೈಲನ್ನ ಬಿಡ್ಬೇಕಲ್ಲಪ್ಪ. ಗೂಡು ನೀರಲ್ಲಿ ಮುಳುಗಿ ಕಾಣ್ದೇ ಹೋದ್ರೂ ಎಳೆ ರಾಟೆ ಮೇಲೇ ಇರ್ತದೆ. ರಾಟೆ ನಿಲ್ಸು."

ಈಗ ನಿಲ್ಲಿಸಬೇಕಾದ ರಾಟೆ ಅವರ ಪ್ರೋಗ್ರಾಂ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ಅದರ ಮುಂದೆ ಅವರ ಹೆಸರಿತ್ತು. ಅಂದು ನಿಲ್ಲಿಸಿ ಅವರೇ ಮತ್ತೆ ಶುರು ಮಾಡಿದಾಗಿನಿಂದ ಅದು ನಿಂತೇ ಇರಲಿಲ್ಲ. ಹೋದ ರಂಜಾನ್‌ಗೆ ಮೊದಲು ಅವರು ತೀರಿಕೊಂಡಾಗಲೂ. ಈ ಕೋಣೆಯಲ್ಲಿ ಒಬ್ಬನೇ ಕೂರುವ ನಾನು ದಿನಾ ಬಂದೊಡನೆ ಆ ಪಟ್ಟಿ ತೆಗೆಯುತ್ತಿದ್ದೆ. ಹಾಗೆ ತೆಗೆಯುವುದು ಕೆಲಸಕ್ಕೆಂದೇ ನಂಬಿದ್ದೆ... ಬೆರಳು ಹಿಂಜರಿಯಿತು. ಫೋನ್ ಮತ್ತೆ ಬಡಿದುಕೊಂಡಿತು. ನಿಲ್ಲಿಸಿದೆ.

ಡಿಸ್ಕಿನಲ್ಲಿ ಜಾಗವಾಯಿತು. ಗಡಿಬಿಡಿಯಲ್ಲಿ ಪ್ರೋಗ್ರಾಂ ಮತ್ತೆ ಶುರು ಮಾಡಿದೆ. ಸಾದಲಿಯವರು, "ಬಂತ್ ಸಾರ್, ಬಂತು! ಗಾಡಿ ಬಿಟ್ವಿ" ಎಂದು ಫೋನಿಟ್ಟರು. ಯುಪಿಎಸ್ ನೆಟ್ಟಗಿತ್ತು, ಇಲಿ ಬಂದಿರಲಿಲ್ಲ, ಕಳ್ಳರಿಗೂ ನಾವು ಬೇಡವಾಗಿದ್ದೆವು. ಎಡವಟ್ಟಾದದ್ದು ಒಂದೇ, ಸಣ್ಣದು. ಅವರ ಲಾಗಿನ್‌ನಿಂದ ಶುರು ಮಾಡುವುದನ್ನು ಬಿಟ್ಟು ನನ್ನದರಿಂದ ಮಾಡಿದ್ದೆ. ಪಟ್ಟಿ ತೆಗೆದರೆ ಆ ಸಾಲಿನಲ್ಲಿ ನನ್ನ ಹೆಸರು ಕೂತಿತ್ತು.

ಮತ್ತೆ ಅವರ ಹೆಸರಿಗೆ ಬದಲಿಸಬಹುದು, ಕಷ್ಟವೇನಲ್ಲ. ಆದರೆ ಅಂದು ಅದನ್ನು ಶುರು ಮಾಡಿ, ಕಿಟಕಿ ತೆಗೆದು, ಊಟಕ್ಕೆ ಕೂತವರು ಹೆಸರಿನೊಡನೆ ಬರುವುದಿಲ್ಲ...