ಎರಡು ಡಬ್ಬಿ ಮೇಣ

ಕಪ್ಪು ಕಾರನ್ನು ದಿನಾ ತೊಳೆದವನಿಗೆ ಗೊತ್ತು, ಅದರಷ್ಟು ಬೇಗ ಬೆಳ್ಳಗಾಗುವ ವಸ್ತು ಇನ್ನೊಂದಿಲ್ಲ. ಚಾಂಪಿಯನ್ ರೀಫ್ಸಿನಲ್ಲಿ ನಾನು ಕೆಲಸಕ್ಕಿದ್ದ ಬಂಗಲೆಯ ಎದುರಿಗೇ ಸೈನೈಡ್ ದಿಬ್ಬ. ಗಣಿಯಿಂದ ತಂದ ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಸೈನೈಡಿನಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ಅಲ್ಲಿ ಸುರಿಯುತ್ತಿದ್ದರು. ಸುರಿದು ಸುರಿದು ಅದು ಗುಡ್ಡವೇ ಆಗಿತ್ತು. ಆಷಾಢದ ಗಾಳಿ ಎದ್ದರೆ ಆ ಪುಡಿ ಮುದ್ದೆಯ ತಟ್ಟೆಗೂ ಬೀಳುತ್ತಿತ್ತು, ಒಣಗಲು ಹಾಕಿದ ಸೀರೆಗೂ ಬೀಳುತ್ತಿತ್ತು. ಕಾರಿನ ಮೇಲಂತೂ ಬೆಳಿಗ್ಗೆ ಬಂದು ನೋಡಿದರೆ ಯಾರೋ ರಂಗೋಲಿ ಪುಡಿಯನ್ನು ಜರಡಿ ಹಿಡಿದು ಹೋದ ಹಾಗಿರುತ್ತಿತ್ತು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಮ್ಮದು ಕಾಮಸಮುದ್ರದ ಕಡೆಯ ಹಳ್ಳಿ. ನಮ್ಮ ಕಡೆಯಿಂದ ಗಣಿಗೆ ಬಂದವರೆಲ್ಲ ನೆಲದ ಕೆಳಗೆ ಇಳಿದರು, ನಾನು ಇಳಿಯಲಿಲ್ಲ. ಗಣಿಯ ಇಂಜಿನಿಯರ್ ದೊರೆಯೊಬ್ಬರ ಬಂಗಲೆಯಲ್ಲಿ ಕಾರು ತೊಳೆಯುವ ಕೆಲಸ ಸಿಕ್ಕಿತು. ಕೆಲಸ ಚಿಕ್ಕದು ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ. ಮೊದಲು ನೀರು ಸುರಿಯಬೇಕು, ಕೈ ಮುಟ್ಟಿಸಬಾರದು. ಛಾವಣಿಯಿಂದ ಕೆಳಕ್ಕೆ ಬರಬೇಕು, ಚಕ್ರಕ್ಕೆ ಮುಟ್ಟಿಸಿದ ಬಟ್ಟೆ ಮತ್ತೆ ಬಾಗಿಲಿಗೆ ಬರಬಾರದು. ಹಳೆಯ ಪಂಚೆಯನ್ನು ಹತ್ತು ಸಲ ಒಗೆದು ಮೆತ್ತಗಾದ ಮೇಲೆ ಮಾತ್ರ ಕಾರಿಗೆ. ಬೇರೆ ಬಂಗಲೆಯ ಕೆಲಸದವರು ಬಂದು ನಿಂತು ನೋಡಿಕೊಂಡು ಹೋಗುತ್ತಿದ್ದರು. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ನನ್ನ ಮಾವನಿಗೆ ಮಾತ್ರ ಇದು ತಮಾಷೆಯಾಗಿ ಕಾಣುತ್ತಿತ್ತು. ಮಾವ ಬಂಗಾರಪೇಟೆಯಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಹೊಡೆಯುವವನು. ಸ್ಟೇಷನ್ನಿನ ಮುಂದೆ ನಿಲ್ಲುವ ಗಾಡಿಗಳ ಹೂವು, ಬಳ್ಳಿ, ನವಿಲು ಎಲ್ಲ ಅವನ ಕೈಯವೇ. ನಗೆಯ ಹುಕಿ ಬಂದರೆ ಅವನ ಬಾಯಿಗೆ ತೆಲುಗು ಬರುತ್ತಿತ್ತು, ಅಳಿಯ ಎನ್ನುವ ಬದಲು ಅಲ್ಲುಡು ಎನ್ನುತ್ತಿದ್ದ. "ಏಮಪ್ಪಾ ಅಲ್ಲುಡೂ, ಎಮ್ಮೆ ಮೈ ತೊಳ್ದಂಗೆ ಕಾರ್ ಮೈ ತೊಳ್ಯಾಕೂ ಒಬ್ಬ ಆಳು ಬೇಕಾ ದೊರೆಗೆ?" ಎನ್ನುವನು. ನಾನು ನಗುತ್ತಿದ್ದೆ. ನನ್ನ ಹೆಂಡತಿ ನಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಹೇಳುತ್ತಿದ್ದಳು: "ರೈಲ್ವೆ ಗೇಟು ದಾಟಿ ನಮ್ಮಪ್ಪನ ಬಾಗ್ಲಿಗೆ ನೀನೇ ಕಾರ್ ತಂದು ನಿಲ್ಸು. ಅವತ್ತು ಅವನ ಬಾಯಿ ಎಂಗಾಯ್ತದೆ ಅಂತ ನಾನ್ ನೋಡ್ಬೇಕು."

ಅದು ಆಗದ ಮಾತೇನೂ ಆಗಿರಲಿಲ್ಲ. ಬಂಗಲೆಯ ಡ್ರೈವರು ವಯಸ್ಸಾದ ತಮಿಳರವನು, ಶ್ರಾವಣ ಮುಗಿದರೆ ಗುಡಿಯಾತ್ತಂ ಕಡೆಯ ತನ್ನ ಊರಿಗೆ ಹೊರಟುಬಿಡುತ್ತೇನೆ ಎಂದು ಹೇಳಿಯಾಗಿತ್ತು. ದೊರೆ ಇಲ್ಲದ ಹೊತ್ತಿನಲ್ಲಿ ಅಲ್ಲ, ದೊರೆಯ ಅಪ್ಪಣೆ ತೆಗೆದುಕೊಂಡೇ ಕಾಮಸಮುದ್ರದ ರಸ್ತೆಯಲ್ಲಿ ನನಗೆ ಕಾರು ಬಿಡುವುದನ್ನು ಕಲಿಸಿದ್ದ. ಜಾಗಕ್ಕೆ ನನ್ನ ಹೆಸರನ್ನೂ ಅವನೇ ಹೇಳಿದ್ದ. ದೊರೆ ಒಂದೇ ಮಾತು ಹೇಳಿದ್ದರಂತೆ: ಹೊಸ ಕಾರು, ಆಷಾಢದ ಗಾಳಿ ಕಳೆಯುವವರೆಗೆ ಬಣ್ಣಕ್ಕೆ ಒಂದು ಗೀರು ಬೀಳದ ಹಾಗೆ ಕಾಯಲಿ, ಆಮೇಲೆ ಸ್ಟೀರಿಂಗು ಅವನದೇ. ಖಾಕಿ ಕೋಟಿಗೆ ಅಳತೆ ಕೊಡಲು ಟೈಲರ ಹತ್ತಿರವೂ ಹೋಗಿ ಬಂದಿದ್ದೆ.

ಬಣ್ಣ ಕಾಯುವುದೆಂದರೆ ಮೇಣ. ದೊರೆಯ ಡಬ್ಬಿ ಮದ್ರಾಸಿನಿಂದ ಬರುತ್ತಿತ್ತು. ಎಲ್ಲಿಯೋ ದೂರ ದೇಶದ ತಾಳೆಯಂಥ ಮರದ ಎಲೆಯಿಂದ ಕೆರೆದು ತೆಗೆದ ಮೇಣವಂತೆ. ಅದನ್ನು ಹಚ್ಚುವುದೆಂದರೆ ಸಾಕುಬೇಕಾಗುತ್ತಿತ್ತು. ಅಂಗೈ ಅಗಲದ ಜಾಗಕ್ಕೆ ತೆಳ್ಳಗೆ ಹಚ್ಚಬೇಕು. ಅದು ಒಣಗಿ ಉಸಿರು ಬಿಟ್ಟ ಕನ್ನಡಿಯ ಹಾಗೆ ಮಸುಕಾಗುವವರೆಗೆ ಕಾಯಬೇಕು. ಆಮೇಲೆ ಉಜ್ಜಿ ತೆಗೆದು ಪಕ್ಕದ ಅಂಗೈ ಅಗಲಕ್ಕೆ ಹೋಗಬೇಕು. ಆತುರಪಟ್ಟು ದಪ್ಪಗೆ ಬಳಿದರೆ ಕಲ್ಲಾಗಿ ಕೂತುಬಿಡುತ್ತದೆ. ಇಷ್ಟೆಲ್ಲ ಮಾಡಿದರೂ ಅದರ ಹೊಳಪು ತಣ್ಣಗಿನ ಹೊಳಪು, ಗಾಜಿನದು. ಆದರೆ ಅದರ ಮೇಲೆ ದಿಬ್ಬದ ಧೂಳು ನಿಲ್ಲುತ್ತಿರಲಿಲ್ಲ. ಒಂದು ಬಿಂದಿಗೆ ನೀರು ಸುರಿದರೆ ಕೆಸವಿನೆಲೆಯ ಮೇಲಿನ ಹಾಗೆ ಉರುಳಿ, ಧೂಳನ್ನೂ ಎತ್ತಿಕೊಂಡು ಹೋಗುತ್ತಿತ್ತು.

ಇನ್ನೊಂದು ಮಾವನ ಮೇಣ. ಜೇನುಮೇಣ ಕರಗಿಸಿ, ಒಲೆಯಿಂದ ಇಳಿಸಿ, ಟರ್ಪೆಂಟೈನು ಬೆರೆಸಿ, ಮೆತ್ತಗಾಗಲಿ ಎಂದು ಸ್ವಲ್ಪ ಹರಳೆಣ್ಣೆ ಬಿಡುತ್ತಿದ್ದ. ಕದಡುವ ಕೆಲಸ ಮಗಳದು. ಮದುವೆಯಾದ ಮೇಲೂ ತವರಿಗೆ ಹೋದಾಗ ಅವಳೇ ಕದಡಬೇಕು, ಬೇರೆಯವರು ಕದಡಿದರೆ ಗಂಟು ಕಟ್ಟುತ್ತದೆ ಎಂದು ಮಾವ ಹೇಳುತ್ತಿದ್ದ. ಬೆಣ್ಣೆಯ ಹಾಗೆ ಹರಡುತ್ತಿತ್ತು ಅದು. ಎರಡು ಸಲ ಕೈಯಾಡಿಸಿದರೆ ಸಾಕು, ಜಟಕಾದ ಕೆಂಪು ಈಗ ತಾನೇ ಹೊಡೆದ ಹಾಗೆ ಎದ್ದು ಬರುತ್ತಿತ್ತು. ನೋಡಿದವರು ಮುಟ್ಟಿ ನೋಡಬೇಕು, ಅಂಥ ಹೊಳಪು.

ಆ ವರ್ಷ ಜ್ಯೇಷ್ಠದಲ್ಲಿ ಅವಳು ತವರಿಗೆ ಹೋದಳು. ಹದಿನೈದು ದಿನ ಇದ್ದು ಬರುತ್ತೇನೆ ಎಂದಿದ್ದಳು. ಜ್ವರ ಬಂದಿದೆ ಎಂದು ಒಬ್ಬರು ಬಂದು ಹೇಳಿದರು. ನಾನು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಕ್ಕಳಿರಲಿಲ್ಲ ನಮಗೆ. ಹನ್ನೊಂದು ದಿನ ಅಲ್ಲೇ ಇದ್ದೆ. ಏನು ತಿಂದೆ, ಯಾರು ಬಂದರು ಒಂದೂ ನೆನಪಿಲ್ಲ. ನೆನಪಿರುವುದು ಇಷ್ಟೇ: ಹೊರಡುವ ದಿನ ಮಾವ ಗೂಡಿನಿಂದ ಒಂದು ಡಬ್ಬಿ ತೆಗೆದು ಕೈಗಿಟ್ಟ. "ನಿನ್ ಕಾರಿಗೆ ಅಂತ ಅವ್ಳೇ ಕಾಸಿದ್ದಪ್ಪಾ, ಜ್ವರ ಬರೋಕೆ ಎಲ್ಡು ದಿನ ಮುಂಚೆ. ಕಾರಿನ ಬಣ್ಣ ಚೆನ್ನಾಗಿರ್ಬೇಕಂತಲ್ಲಾ, ಅದುಕ್ಕೆ" ಎಂದ. ಅಲ್ಲುಡು ಎನ್ನಲಿಲ್ಲ. ಮುಚ್ಚಳ ತೆಗೆದರೆ ಮೇಣದ ನಡುವೆ ಒಂದು ಹೆಬ್ಬೆರಳಿನ ಗುರುತು. ಗಟ್ಟಿಯಾಯಿತೋ ಇಲ್ಲವೋ ಎಂದು ಒತ್ತಿ ನೋಡಿದ್ದಾಳೆ.

ಬಂಗಲೆಗೆ ಬಂದ ಮರುದಿನವೇ ಕೆಲಸಕ್ಕೆ ನಿಂತೆ. ದೊರೆಯ ಡಬ್ಬಿ ಕಪಾಟಿನಲ್ಲಿ ಅರ್ಧ ಇತ್ತು, ಮೊದಲಿನ ಲೇಪ ಕಾರಿನ ಮೇಲೆ ಗಟ್ಟಿಯಾಗಿಯೇ ಇತ್ತು. ಹೊಸ ಮೇಣ ಹಿಡಿಯಬೇಕಾದರೆ ಹಳೆಯದು ಹೋಗಬೇಕು ಎಂದು ಮಾವ ಹೇಳುತ್ತಿದ್ದ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ದೊರೆಯ ಮೇಣವನ್ನೆಲ್ಲ ನನ್ನ ಕೈಯಾರೆ ತೆಗೆದೆ. ಅವಳು ಕಾಸಿದ್ದನ್ನು ಹಚ್ಚಿದೆ. ಹೆಚ್ಚು ಯೋಚನೆ ಮಾಡಿ ಮಾಡಿದ್ದಲ್ಲ. ಎರಡು ಡಬ್ಬಿ ಇದ್ದವು, ಕೈ ಅದರ ಕಡೆಗೆ ಹೋಯಿತು. ಡ್ರೈವರು ಬಂದು ಕಾರಿನ ಸುತ್ತ ಒಂದು ಸುತ್ತು ಬಂದ. "ಮದುವೆ ಹೆಣ್ಣು ತಂಬಿ, ಮದುವೆ ಹೆಣ್ಣು" ಎಂದವನು ನನ್ನ ಮುಖ ನೋಡಿ ಆಚೆ ಹೋದ.

ಬಂಗಾರಪೇಟೆಯಲ್ಲಿ ಸೈನೈಡ್ ದಿಬ್ಬ ಇಲ್ಲ. ನಡುವೆ ಕೆಲವೇ ಮೈಲಿ, ಆದರೆ ಅಲ್ಲಿಯ ಗಾಳಿ ಬೇರೆ, ಇಲ್ಲಿಯ ಗಾಳಿ ಬೇರೆ. ಅಲ್ಲಿ ಜಟಕಾದ ಮೇಲೆ ಬೀಳುವುದು ರಸ್ತೆಯ ಮಣ್ಣು, ಇಲ್ಲಿ ಬೀಳುವುದು ಅರೆದ ಕಲ್ಲು. ಹರಳೆಣ್ಣೆ ಬಿಟ್ಟ ಮೆತ್ತನೆ ಮೇಣ ಆ ಕಲ್ಲಿನ ಪುಡಿಯನ್ನು ಅಂಟಿಸಿಕೊಂಡಿತು. ಗಾಳಿ ಎದ್ದ ಮೂರನೇ ದಿನ ನೀರು ಸುರಿದರೆ ಧೂಳು ಹೋಗಲಿಲ್ಲ, ಇನ್ನೊಂದು ಬಿಂದಿಗೆಗೂ ಹೋಗಲಿಲ್ಲ. ಬಟ್ಟೆ ತೆಗೆದುಕೊಂಡು ಒತ್ತಿ ತಿಕ್ಕಿದೆ. ಬಟ್ಟೆಯ ಕೆಳಗೆ ಗರಗರ ಎಂದದ್ದು ಕೇಳಿಸಿತು. ಬೇರೆ ಯಾವ ವರ್ಷವಾದರೂ ಆ ಸದ್ದಿಗೆ ಕೈ ತಾನಾಗಿಯೇ ನಿಂತುಬಿಡುತ್ತಿತ್ತು. ಅವತ್ತು ಕೇಳಿಸಿಕೊಂಡೇ ತಿಕ್ಕಿದೆ. ಮರುದಿನವೂ ತಿಕ್ಕಿದೆ. ತಿಕ್ಕಿ, ಮತ್ತೆ ಮೇಣ ಹಚ್ಚಿ, ಮತ್ತೆ ತಿಕ್ಕಿ ಹದಿನೈದು ದಿನ ಕಳೆದೆ. ಡಬ್ಬಿಯಲ್ಲಿ ಆ ಹೆಬ್ಬೆರಳಿನ ಗುರುತು ಯಾವ ದಿನ ಹೋಯಿತೋ ನೋಡಲಿಲ್ಲ. ಒಂದು ದಿನ ನೋಡುತ್ತೇನೆ, ತಳ ಕಾಣುತ್ತಿದೆ.

ಗೀರುಗಳನ್ನು ಮೊದಲು ಕಂಡವನು ಡ್ರೈವರು. ಕಾರನ್ನು ಬಿಸಿಲಿಗೆ ತೆಗೆದಿದ್ದ. ಬಾನೆಟ್ಟಿನ ಮೇಲೆ, ಬಾಗಿಲುಗಳ ಮೇಲೆ, ಮಡ್‌ಗಾರ್ಡುಗಳ ಮೇಲೆ ಜೇಡರಬಲೆ ಹಾಸಿದ ಹಾಗೆ ಸಣ್ಣ ಸಣ್ಣ ಗೀರು, ಲೆಕ್ಕವಿಲ್ಲದಷ್ಟು. "ಪೋಚ್ಚು ತಂಬಿ, ಎಲ್ಲಾ ಪೋಚ್ಚು" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ. ಸ್ಟೀರಿಂಗು ಹೋಯಿತು ಎಂದು ಇಬ್ಬರಿಗೂ ಗೊತ್ತಾಯಿತು. ಅವನಿಗೆ ಕಣ್ಣಲ್ಲಿ ನೀರು ಬಂತು, ನನಗೆ ಬರಲಿಲ್ಲ. ಹಸಿವಾದ ಹಾಗಿತ್ತು, ಅಷ್ಟೇ.

ಉಪಾಯ ಹೇಳಿದವನೂ ಅವನೇ. ಕಪ್ಪು ಕಾರು ತಾನೇ, ದೀಪದ ಕಾಡಿಗೆಯನ್ನು ಮೇಣಕ್ಕೆ ಬೆರೆಸಿ ಗೀರುಗಳಿಗೆ ತುಂಬು, ಆಷಾಢ ಇನ್ನು ಹತ್ತು ದಿನ, ಅಲ್ಲಿಯವರೆಗೆ ಕಣ್ಣಿಗೆ ಕಾಣದಿದ್ದರೆ ಸಾಕು ಎಂದ. ನನ್ನ ಕೆಲಸದಲ್ಲಿ ಮುಚ್ಚಿಡುವುದು ಎಂಬುದನ್ನು ನಾನು ಅದುವರೆಗೆ ಮಾಡಿದವನಲ್ಲ. ಆದರೂ ಮಾಡಿದೆ. ಎಣ್ಣೆದೀಪದ ಮೇಲೆ ಹಂಚು ಕವುಚಿ ಕಾಡಿಗೆ ಹಿಡಿದೆ. ಡಬ್ಬಿಯ ತಳದಲ್ಲಿ ಉಳಿದಿದ್ದ ಮೇಣವನ್ನು ಕೆರೆದು ತೆಗೆದು ಬೆರೆಸಿದೆ. ಹಚ್ಚಿ ಒರೆಸಿದರೆ ಒಂದು ಗೀರೂ ಇಲ್ಲ, ಕಾರು ಬಾವಿಯ ನೀರಿನ ಹಾಗೆ ಕಪ್ಪಗೆ ನಿಂತಿತ್ತು. ದೊರೆ ನೋಡಿ ತಲೆಯಾಡಿಸಿದರು. ಕೋಟು ಹೊಲಿಯಲು ಹೇಳಲೇ ಎಂದು ಡ್ರೈವರು ಕೇಳಿದ್ದಕ್ಕೆ ಹೇಳು ಎಂದರಂತೆ.

ಮುಂದಿನ ಭಾನುವಾರ ದೊರೆ, ದೊರೆಸಾನಿ ಚರ್ಚಿಗೆ ಹೊರಟರು. ದೊರೆಸಾನಿಯದು ಬಿಳಿ ಫ್ರಾಕು, ಕೈಗೆ ಬಿಳಿ ಗ್ಲೌಸು. ಮೆಟ್ಟಿಲು ಇಳಿದು ಬಂದು, ಬೂಟಿನೊಳಗೆ ಏನೋ ಸೇರಿಕೊಂಡಿತೆಂದು ಮಡ್‌ಗಾರ್ಡಿಗೆ ಕೈಕೊಟ್ಟು, ಸೊಂಟ ಆನಿಸಿ ನಿಂತರು. ಬಿಸಿಲಿಗೆ ಮೇಣ ಬೆವರುತ್ತಿತ್ತು. ಅವರು ನೆಟ್ಟಗಾದಾಗ ಗ್ಲೌಸು ಕರ್ರಗೆ, ಫ್ರಾಕಿನ ಪಕ್ಕದಲ್ಲಿ ಮೊಳದುದ್ದ ಮಸಿ. ಗಂಡನ ಕಡೆ ಕೈ ಚಾಚಿ ತೋರಿಸಿದರು.

ದೊರೆ ಬಾನೆಟ್ಟಿನ ಮೇಲೆ ಬೆರಳು ಎಳೆದು ಬೆರಳನ್ನು ನೋಡಿದರು. ಪೆಟ್ರೋಲಿನ ಬಟ್ಟೆ ತರಲು ಹೇಳಿದರು. ನಾನೇ ತಂದುಕೊಟ್ಟೆ. ಅಂಗೈ ಅಗಲದ ಜಾಗ ಒರೆಸಿದರು, ಅಷ್ಟರಲ್ಲೇ ಗೀರುಗಳ ಬಲೆ ಎದ್ದು ಬಂತು. ಸ್ವಲ್ಪ ಹೊತ್ತು ಬಗ್ಗಿ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ದನಿ ಏರಿಸಲಿಲ್ಲ. ಡ್ರೈವರು ನನ್ನ ಕಡೆ ತಿರುಗಿದ.

"ಯಾವ ಡಬ್ಬಿ ಹಚ್ಚಿದೆ ಅಂತ ಕೇಳ್ತಾರೆ ತಂಬಿ. ಗಾಳಿ ಮಾಡಿದ್ದು ಅಂತ ಹೇಳ್‌ಬಿಡ್ಲಾ? ದೊರೆ ಡಬ್ಬೀದೇ ದೋಷ ಅಂದ್ರೂ ನಂಬ್ತಾರೆ."

ಅವನು ಹಾಗೆ ಹೇಳಿದ್ದರೆ ನಡೆದುಹೋಗುತ್ತಿತ್ತೇನೋ. ದೊರೆಯ ಡಬ್ಬಿಗೆ ಬಾಯಿಲ್ಲ, ಗಾಳಿಗೂ ಇಲ್ಲ. ಆದರೆ ನಾಲ್ಕು ವರ್ಷ ದೊರೆಯ ಕಾರುಗಳ ಮೇಲೆ ಕೈಯಾಡಿಸಿದವನು ನಾನು. ಧೂಳು ಅಂಟಿದ್ದು ನನಗೆ ಗೊತ್ತಿತ್ತು, ಗರಗರ ಎಂದದ್ದೂ ಕೇಳಿಸಿತ್ತು.

"ಬ್ಯಾಡಣ್ಣ. ನಾನೇ ನನ್ ಡಬ್ಬಿ ಅಚ್ಚಿದ್ದು ಅಂತ ಏಳು. ದೊರೆ ಡಬ್ಬಿ ಅಂಗೇ ಅದೆ, ಮುಟ್ಟಿಲ್ಲ."

ಅವನು ಹೇಳಿದ. ಯಾಕೆ ಎಂದು ದೊರೆ ಕೇಳಿದರು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಡ್ರೈವರಿಗೂ ಆ ಡಬ್ಬಿ ಯಾರು ಕಾಸಿದ್ದು ಎಂದು ಹೇಳಿರಲಿಲ್ಲ. ಕೇಳಿ ಕನಿಕರಪಟ್ಟು ದೊರೆ ಸ್ಟೀರಿಂಗು ಕೊಟ್ಟರೆ ಅದು ನನ್ನ ಕೆಲಸಕ್ಕೆ ಸಿಕ್ಕಿದ್ದಾಗುತ್ತಿರಲಿಲ್ಲ. ಅವರು ಅವತ್ತು ಚರ್ಚಿಗೆ ನಡೆದುಕೊಂಡೇ ಹೋದರು.

ಶ್ರಾವಣ ಕಳೆದ ಮೇಲೆ ಮದ್ರಾಸಿನಿಂದ ಹೊಸ ಡ್ರೈವರು ಬಂದ. ಕೋಟು ನನ್ನ ಅಳತೆಗೆ ಹೊಲಿದಾಗಿತ್ತು, ಅವನಿಗೆ ತೋಳು ಉದ್ದವಾಯಿತು, ಮಡಿಸಿ ಹೊಲಿದುಕೊಂಡ. ನನ್ನನ್ನು ದೊರೆ ಕೆಲಸದಿಂದ ತೆಗೆಯಲಿಲ್ಲ. ಹಳೆಯ ಡ್ರೈವರು ಊರಿಗೆ ಹೊರಡುವಾಗ, ನಿಜ ಹೇಳಿದ್ದಕ್ಕೇ ಉಳಿಸಿಕೊಂಡರು ಎಂದ. ಇರಬಹುದು. ನಾನು ಮೆತ್ತನೆ ಮೇಣವನ್ನೆಲ್ಲ ತೆಗೆದು, ದೊರೆಯ ಡಬ್ಬಿಯಿಂದ ಅಂಗೈ ಅಗಲ, ಅಂಗೈ ಅಗಲ ಹಚ್ಚಿಕೊಂಡು ಬಂದೆ. ಅಷ್ಟಾದರೂ ಬಿಸಿಲಿಗೆ ನಿಲ್ಲಿಸಿದರೆ ಗೀರುಗಳು ಕಾಣುತ್ತಿದ್ದವು. ಆ ಕಾರು ಬಂಗಲೆಯಲ್ಲಿ ಇದ್ದಷ್ಟು ವರ್ಷವೂ ದಿನಾ ನೋಡಿದೆ. ನೋಡಿ ನೋಡಿ ಏನೂ ಅನ್ನಿಸದಾಯಿತು, ಅಥವಾ ಮೊದಲಿನಿಂದಲೂ ಏನೂ ಅನ್ನಿಸಿರಲಿಲ್ಲ.

ಅದೇ ವರ್ಷ ಭಾದ್ರಪದದಲ್ಲಿ ಅವಳ ತಿಂಗಳ ತಿಥಿಗೆ ಬಂಗಾರಪೇಟೆಗೆ ಹೋದೆ. ರೈಲಿಳಿದು, ಗೇಟು ದಾಟಿ, ನಡೆದುಕೊಂಡೇ. ಮಾವ ಜಗಲಿಯ ಮೇಲೆ ಜಟಕಾದ ಹಲಗೆಯೊಂದನ್ನು ತೊಡೆಗಿಟ್ಟುಕೊಂಡು ಕೂತಿದ್ದ. ಹಲಗೆಗೆ ಬಣ್ಣ ಹಚ್ಚಿರಲಿಲ್ಲ, ಕುಂಚವೂ ಒಣಗಿತ್ತು. ಡ್ರೈವರ್ ಜಾಗ ಏನಾಯಿತು ಎಂದು ಕೇಳಲಿಲ್ಲ. ಕೇಳಿದರೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಊಟವಾದ ಮೇಲೆ, ಎಲೆ ಎತ್ತಿದ ಮೇಲೆ, ಗೋಡೆಯ ಕಡೆ ನೋಡುತ್ತಾ ಬೇರೆ ಮಾತು ಕೇಳಿದ.

"ಅವ್ಳು ಕಾಸಿದ್ದು ಒಳೀತೇನಪ್ಪಾ?"

"ಒಳೀತು ಮಾವ" ಎಂದೆ. "ನೋಡ್ದೋರು ಮುಟ್ಟಿ ಮುಟ್ಟಿ ನೋಡುದ್ರು."

ಮಾವ ತಲೆಯಾಡಿಸಿದ. ಖಾಲಿ ಡಬ್ಬಿಯನ್ನು ಚೀಲದಿಂದ ತೆಗೆದು ಅವನ ಪಕ್ಕದಲ್ಲಿಟ್ಟೆ. ಅವನು ಅದನ್ನು ಎತ್ತಿಕೊಂಡು, ಒಳಗೆ ಬೆರಳು ಆಡಿಸಿ, ಗೂಡಿನಲ್ಲಿ ಅದರ ಜಾಗದಲ್ಲಿಟ್ಟ. ನನಗೆ ರೈಲಿಗೆ ಹೊತ್ತಾಗಿತ್ತು. ಬೆಳಿಗ್ಗೆ ಕಾರು ತೊಳೆಯಬೇಕಿತ್ತು.