ಅಕ್ಕನ ನಡಿಗೆ ಕದ್ದದ್ದು

ನಮ್ಮ ಚಿಕ್ಕ ಸರ್ಕಸ್ಸಿನಲ್ಲಿ ಮೈಕು ಹಿಡಿದು ಎಲ್ಲರನ್ನೂ ಅಣಕಿಸುವುದು ನನ್ನ ಕೆಲಸ. ನೀಲಗಿರಿಯ ವೆಲ್ಲಿಂಗ್ಟನ್ನಿನ ನಿವೃತ್ತ ಹವಾಲ್ದಾರರು ಎದೆಯುಬ್ಬಿಸಿ ಹಾಲು ತರುವ ಬಗೆ, ಚಹಾ ಎಲೆ ತೂಗುವ ಮೇಸ್ತ್ರಿಯ ಕೆಮ್ಮು, ನಮ್ಮವ್ವ ನನ್ನನ್ನು ಬೈಯುವ ರಾಗ, ಎಲ್ಲವೂ ನನ್ನ ಬಳಿ ಇವೆ. ನನ್ನದೇ ದನಿಯನ್ನು ಮಾತ್ರ ಎಲ್ಲಿಟ್ಟೆನೋ ನೆನಪಿಲ್ಲ.

ಆಸೆಯಿದ್ದದ್ದು ತಂತಿಯ ಮೇಲೆ ನಡೆಯುವುದಕ್ಕೆ. ಕಲಿಸುತ್ತಿದ್ದವಳು ಗುಂಡ್ಲುಪೇಟೆ ಕಡೆಯ ಅಕ್ಕ, ಚಿಕ್ಕಂದಿನಿಂದ ತಂತಿಯ ಮೇಲೇ ಬದುಕಿದವಳು. ಕೋತಗಿರಿಯ ಕ್ಯಾಂಪು ಮುಗಿಯುತ್ತ ಬಂದಾಗ ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಳು: ಮುಂದಿನ ಕ್ಯಾಂಪು ಗೂಡಲೂರಿಗೆ ಹೊರಡುವುದರೊಳಗೆ ಒಮ್ಮೆಯಾದರೂ ಪೂರ್ತಿ ದಾಟದಿದ್ದರೆ ನನಗೆ ಮೈಕೇ ಗತಿ, ಅಲ್ಲಿ ಬೇರೆಯವರಿಗೆ ಕಲಿಸುತ್ತಾಳೆ.

ಉಳಿದದ್ದು ಮೂರು ಬೆಳಗು. ಸೊಂಟದೆತ್ತರದ ತಂತಿ, ಕೈಯಲ್ಲೊಂದು ಛತ್ರಿ. ಮಂಜಿಗೆ ಒದ್ದೆಯಾದ ತಂತಿಯನ್ನು ಒರೆಸಿ, ಜಾರದಂತೆ ಅಂಗಾಲಿಗೆ ರಾಳದ ಪುಡಿ ಹಚ್ಚಿ ಹತ್ತುತ್ತಿದ್ದೆ. ನಾಲ್ಕನೇ ಹೆಜ್ಜೆಗೆ ತಪ್ಪದೆ ಬೀಳುತ್ತಿದ್ದೆ. ಶಿಸ್ತೆಂದರೆ ಅದು.

ಎರಡನೇ ಬೆಳಗೂ ಬಿದ್ದ ಮೇಲೆ, ಚಟ ಬಿಡದೆ, ಅಡುಗೆಯಣ್ಣನಿಗೆ ಅಕ್ಕನ ನಡಿಗೆ ಮಾಡಿ ತೋರಿಸಿದೆ. ಹಳೆಯ ಏಟಿನಿಂದ ಅವಳಿಗೆ ಎಡಗಾಲಿನ ಹಿಮ್ಮಡಿ ನೋವು, ಕುಂಟುತ್ತಾಳೆ. ಅಡುಗೆಯಣ್ಣ ಥಟ್ಟನೆ ನಗು ನಿಲ್ಲಿಸಿದ. ಅಕ್ಕ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

"ಅದನ್ನೇ ತಂತಿ ಮೇಲೆ ಮಾಡು, ನೋಡಣ."

ಮಾಡಿದೆ. ಕುಂಟುವ ಹೆಜ್ಜೆಗೇ ಬಿದ್ದೆ.

"ನಾನು ಕುಂಟೋದನ್ನ ಚೆನ್ನಾಗಿ ನೋಡಿದೀಯ ಕಣೋ. ನಡೆಯೋದನ್ನ ನೋಡೇ ಇಲ್ಲ."

ಛತ್ರಿ ಕಸಿದುಕೊಂಡು ತಾನೇ ಹತ್ತಿದಳು. ಎರಡು ವರ್ಷದಿಂದ ದಿನವೂ ನೋಡಿದ್ದೆ, ಆದರೂ ತಂತಿಯ ಮೇಲೆ ಅಕ್ಕ ಕುಂಟುವುದಿಲ್ಲ ಎಂಬುದು ಅಂದೇ ಕಂಡಿತು. ಕಾಲ್ಬೆರಳು ಮೊದಲು ತಂತಿಯನ್ನು ಹುಡುಕುತ್ತದೆ, ಅಂಗಾಲು ಅದಕ್ಕೆ ಒರಗುತ್ತದೆ, ಹಿಮ್ಮಡಿ ಕಡೆಗೆ ಹಗುರಾಗಿ ಬಂದು ಕೂರುತ್ತದೆ. ನಾನೋ ಬಸ್ಸು ಹಿಡಿಯುವವನಂತೆ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದೆ. ಊರವರನ್ನೆಲ್ಲ ನೋಡಿ ಹೊಟ್ಟೆ ಹೊರೆಯುವವನು ಆ ಎರಡು ಪಾದಗಳನ್ನು ನೋಡಿರಲಿಲ್ಲ. ತಪ್ಪಾಯಿತೆಂದು ಅವಳ ಹಿಂದೆ ಸುತ್ತಿದರೆ, ಬಾಯಿ ಮುಚ್ಚಿಕೊಂಡು ಕಾಲು ನೋಡು ಎಂದಳು. ಅಂದು ಸಂಜೆ ಅವಳು ಆಟ ಮುಗಿಸುವವರೆಗೂ ಅದನ್ನೇ ಮಾಡಿದೆ.

ಮೂರನೇ ಬೆಳಗು ಅಕ್ಕನನ್ನು ಪೂರ್ತಿ ಅಣಕಿಸಿದೆ. ಬೆರಳು ಮೊದಲು, ಹಿಮ್ಮಡಿ ಕಡೆಗೆ. ಭುಜವೂ ಬಿಗಿದ ತುಟಿಯೂ ಅವಳವೇ. ಆಚೆ ಕಂಬ ಕೈಗೆ ಸಿಕ್ಕಿತು.

ಅಕ್ಕ ಅಡುಗೆಯಣ್ಣನ ಕಡೆ ತಿರುಗಿ, "ನಾನು ಅಷ್ಟು ಸೊಟ್ಟ ಮಾಡ್ತೀನಾ ತುಟೀನ?" ಎಂದಳು. ಅವನು ಬಗ್ಗಿ ಸಾರು ತಿರುವತೊಡಗಿದ.

ಗೂಡಲೂರಿನ ಮೊದಲ ಆಟದಲ್ಲಿ ಅವಳು ಇಳಿದ ಮೇಲೆ ನಾನು ಹತ್ತಿದೆ. ನನ್ನ ತುಟಿ ನೋಡಿ ಜನ ನಕ್ಕರು. ನಗಲಿ ಬಿಡಿ, ದಾಟಿದೆನಲ್ಲ.